ಹಳೆಯ ಕಾರಿನ ಎಂಜಿನ್‌ಗೆ ಥರ್ಮೋಸ್ಟಾಟ್: 71, 82, 88 ಡಿಗ್ರಿಗಳಲ್ಲಿ ಯಾವುದು, ಮತ್ತು ಯಾವ ಬಗೆಯದು?

ಹಳೆಯ ಕಾರಿನ ಎಂಜಿನ್ ಪದೇ ಪದೇ ಬಿಸಿಯಾಗತೊಡಗಿದರೆ ಹೆಚ್ಚಿನವರ ಕೈ ಮೊದಲು ಹೋಗುವುದು ಥರ್ಮೋಸ್ಟಾಟ್‌ನ ಕಡೆಗೆ. ಎಂಜಿನ್ನಿನಿಂದ ನೀರನ್ನು ತಣಿಸುವ ರೇಡಿಯೇಟರ್‌ಗೆ ಹೋಗುವ ದಾರಿಯನ್ನು, ನೀರು ಬಿಸಿಯಾದಾಗ ತೆರೆಯುವ ಪುಟ್ಟ ವಾಲ್ವ್ ಅದು; 71, 82, 88 ಎಂಬವು ಅದು ತೆರೆಯತೊಡಗುವ ಸೆಲ್ಸಿಯಸ್ ತಾಪಮಾನಗಳು. 82 ಡಿಗ್ರಿಯದನ್ನು ತೆಗೆದು 71 ಡಿಗ್ರಿಯದನ್ನು ಕೂರಿಸಿದರೆ ಎಂಜಿನ್ ಹನ್ನೊಂದು ಡಿಗ್ರಿಯಷ್ಟು ತಂಪಾಗಿ ಓಡುತ್ತದೆ ಎಂದು ಕೆಲವರು ನಂಬಿದರೆ, ಅದನ್ನು ಕಿತ್ತೇ ಹಾಕಿದರೆ ತೊಂದರೆಯೇ ಮುಗಿಯಿತು ಎಂದು ಇನ್ನು ಕೆಲವರು ನಂಬುತ್ತಾರೆ. ಎರಡರ ಹಿಂದೆಯೂ ಇರುವ ತಪ್ಪು ಕಲ್ಪನೆ ಒಂದೇ. ಥರ್ಮೋಸ್ಟಾಟ್ ನಿರ್ಧರಿಸುವುದು ಎಂಜಿನ್ನಿನ ಕನಿಷ್ಠ ತಾಪಮಾನವನ್ನು ಮಾತ್ರ. ಗರಿಷ್ಠ ತಾಪಮಾನವನ್ನು ನಿರ್ಧರಿಸುವುದು ರೇಡಿಯೇಟರ್‌ನ ಸಾಮರ್ಥ್ಯ, ಅದರ ಮೂಲಕ ಹಾಯುವ ಗಾಳಿ, ವಾಟರ್ ಪಂಪ್ ಮತ್ತು ಎಂಜಿನ್ ಬ್ಲಾಕ್‌ನ ಒಳಗಿನ ನೀರಿನ ದಾರಿಗಳು. ವಾಲ್ವ್ ಒಮ್ಮೆ ಪೂರ್ತಿಯಾಗಿ ತೆರೆದುಕೊಂಡ ಮೇಲೆ ಅದರ ಮೇಲೆ 71 ಎಂದು ಬರೆದಿದ್ದರೂ 88 ಎಂದು ಬರೆದಿದ್ದರೂ ಎಂಜಿನ್ನಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ಈ ಒಂದು ಸಂಗತಿ ಮನಸ್ಸಿನಲ್ಲಿ ಗಟ್ಟಿಯಾದರೆ ಆಯ್ಕೆಯ ಅರ್ಧ ಗೊಂದಲ ತಾನಾಗಿಯೇ ಕರಗುತ್ತದೆ.

ಒಳಗೆ ನಡೆಯುವುದೇನು

ಈಗ ಅಂಗಡಿಗಳಲ್ಲಿ ಸಿಗುವ ಬಹುಪಾಲು ಥರ್ಮೋಸ್ಟಾಟ್‌ಗಳು ಮೇಣದ ಬಗೆಯವು. 1930ರ ದಶಕದಲ್ಲಿ ಸರ್ಜಿಯಸ್ ವರ್ನೆ ರೂಪಿಸಿದ ಈ ವಿನ್ಯಾಸ ಮೂಲತಃ ಇಂದಿಗೂ ಹಾಗೆಯೇ ಉಳಿದಿದೆ. ಬಿಗಿಯಾಗಿ ಮುಚ್ಚಿದ ಸಣ್ಣ ಲೋಹದ ಬಟ್ಟಲಿನಲ್ಲಿ ಮೇಣವನ್ನು ತುಂಬಿರುತ್ತಾರೆ; ಮೇಣಕ್ಕೆ ಶಾಖ ಬೇಗ ಹರಡಲೆಂದು ಅದರೊಳಗೆ ತಾಮ್ರದ ಪುಡಿಯನ್ನು ಬೆರೆಸಿರುತ್ತಾರೆ. ಮೇಣ ಕರಗುವಾಗ ಅದರ ಗಾತ್ರ ಸುಮಾರು ಶೇ 10ರಿಂದ 15ರಷ್ಟು ಹಿಗ್ಗುತ್ತದೆ, ಹಿಗ್ಗಿದ ಮೇಣ ರಬ್ಬರ್ ಹೊದಿಕೆಯ ಮೂಲಕ ಒಂದು ಉಕ್ಕಿನ ಪಿನ್ನನ್ನು ಒತ್ತುತ್ತದೆ, ಪಿನ್ನಿನ ಆ ಒತ್ತಡಕ್ಕೆ ಸ್ಪ್ರಿಂಗ್ ಮಣಿದು ವಾಲ್ವ್ ತೆರೆದುಕೊಳ್ಳುತ್ತದೆ. ತಣ್ಣಗಾದಾಗ ಮೇಣ ಕುಗ್ಗುತ್ತದೆ, ಸ್ಪ್ರಿಂಗ್ ವಾಲ್ವನ್ನು ಮತ್ತೆ ಮುಚ್ಚುತ್ತದೆ. ಯಾವ ತಾಪಮಾನದಲ್ಲಿ ತೆರೆಯಬೇಕೆಂಬುದನ್ನು ತೀರ್ಮಾನಿಸುವುದು ಮೇಣದ ಮಿಶ್ರಣ. ಆದ್ದರಿಂದ ಸ್ಪ್ರಿಂಗನ್ನು ಸಡಿಲಿಸಿಯೋ ಬಿಗಿಮಾಡಿಯೋ 88 ಡಿಗ್ರಿಯದನ್ನು 82 ಡಿಗ್ರಿಯದಾಗಿ ಮಾಡುವ ಪ್ರಯತ್ನಕ್ಕೆ ಅರ್ಥವಿಲ್ಲ.

ಇಲ್ಲಿ ಗಮನಿಸಬೇಕಾದ ಎರಡು ವಿವರಗಳಿವೆ. ಮೊದಲನೆಯದು, ಥರ್ಮೋಸ್ಟಾಟ್‌ನ ಮೇಲೆ ಅಚ್ಚೊತ್ತಿರುವ ಅಂಕಿ ವಾಲ್ವ್ ತೆರೆಯಲು ಆರಂಭಿಸುವ ತಾಪಮಾನವೇ ಹೊರತು ಪೂರ್ತಿಯಾಗಿ ತೆರೆದಿರುವ ತಾಪಮಾನವಲ್ಲ. ಪೂರ್ತಿ ತೆರೆಯಲು ಅದಕ್ಕಿಂತ ಸುಮಾರು 10ರಿಂದ 15 ಡಿಗ್ರಿ ಹೆಚ್ಚು ಬೇಕು. ಅಂದರೆ 82 ಎಂದು ಬರೆದಿರುವುದು 95 ಡಿಗ್ರಿಯ ಆಸುಪಾಸಿನಲ್ಲಿ ಪೂರ್ತಿ ತೆರೆದಿರುತ್ತದೆ, ಮತ್ತು ಮೀಟರಿನ ಮುಳ್ಳು 90ರ ಹತ್ತಿರ ನಿಂತಿದ್ದರೆ ಅದು ದೋಷವಲ್ಲ, ಕೆಲಸ ಸರಿಯಾಗಿ ನಡೆಯುತ್ತಿರುವ ಲಕ್ಷಣ. ಎರಡನೆಯದು, ಮುಚ್ಚಿಕೊಳ್ಳುವ ತಾಪಮಾನ ತೆರೆಯುವ ತಾಪಮಾನಕ್ಕಿಂತ ಕೆಲವು ಡಿಗ್ರಿ ಕೆಳಗಿರುತ್ತದೆ, ಮೇಣ ಬಿಸಿಯಾಗಲು ಸ್ವಲ್ಪ ಸಮಯವೂ ಬೇಕು. ತಣ್ಣನೆಯ ಎಂಜಿನ್ ಮೊದಲ ಸಲ ಬಿಸಿಯೇರುವಾಗ ಮುಳ್ಳು ತುಸು ಮೇಲೆ ಹೋಗಿ, ಇಳಿದು, ಆಮೇಲೆ ಒಂದೆಡೆ ನಿಲ್ಲುವುದು ಈ ಕಾರಣದಿಂದ.

71, 74, 82, 88: ಈ ಅಂಕಿಗಳು ಬಂದದ್ದು ಎಲ್ಲಿಂದ

ಹಳೆಯ ಕಾರುಗಳ ಕೈಪಿಡಿಗಳಲ್ಲಿ 71 ಅಥವಾ 74 ಡಿಗ್ರಿ ಎಂದು ಕಂಡಾಗ, ಆ ಕಾಲದ ಎಂಜಿನಿಯರುಗಳು ತಂಪಾದ ಎಂಜಿನ್ನನ್ನೇ ಮೆಚ್ಚುತ್ತಿದ್ದರೆಂದು ಭಾವಿಸುವುದು ಸುಲಭ. ಕಾರಣ ಬೇರೆಯೇ ಇತ್ತು. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟದಿರಲೆಂದು ಆಗ ರೇಡಿಯೇಟರ್‌ಗೆ ಸೇರಿಸುತ್ತಿದ್ದದ್ದು ಹೆಚ್ಚಾಗಿ ಆಲ್ಕೋಹಾಲ್. ಮೆಥನಾಲ್ ಸುಮಾರು 65 ಡಿಗ್ರಿಗೆ, ಎಥನಾಲ್ ಸುಮಾರು 78 ಡಿಗ್ರಿಗೆ ಕುದಿಯುತ್ತವೆ. ನೀರಿನೊಂದಿಗೆ ಬೆರೆತಾಗ ಕುದಿಯುವ ಬಿಂದು ಸ್ವಲ್ಪ ಮೇಲೇರಿದರೂ ಎಂಜಿನ್ನನ್ನು 85 ಡಿಗ್ರಿಯಲ್ಲಿ ಓಡಿಸಿದರೆ ಆಲ್ಕೋಹಾಲ್ ಆವಿಯಾಗಿ ಹಾರಿಹೋಗುತ್ತಿತ್ತು. ಎಥಿಲಿನ್ ಗ್ಲೈಕಾಲ್ ಬಳಕೆಗೆ ಬಂದಮೇಲೆ ಈ ಕಟ್ಟುಪಾಡು ತಪ್ಪಿತು, ಏಕೆಂದರೆ ಅದು ಕುದಿಯುವುದು ಸುಮಾರು 197 ಡಿಗ್ರಿಯಲ್ಲಿ. ಜೊತೆಗೆ ಆ ಕಾಲದ ರೇಡಿಯೇಟರ್‌ಗಳು ಒತ್ತಡವಿಲ್ಲದವು, ಅಥವಾ ಬಹಳ ಕಡಿಮೆ ಒತ್ತಡದವು. ಹಾಗಾಗಿ 71 ಡಿಗ್ರಿ ಎಂಬುದು ಎಂಜಿನ್ನಿನ ಆರೋಗ್ಯಕ್ಕಾಗಿ ಮಾಡಿದ ಆಯ್ಕೆಯಲ್ಲ, ಅಂದಿನ ದ್ರವ ಮತ್ತು ಅಂದಿನ ಕ್ಯಾಪ್, ಅಂದರೆ ರೇಡಿಯೇಟರ್‌ನ ಮುಚ್ಚಳ, ಹೇರಿದ ಮಿತಿ. ಇದೇ ಕಾರಣಕ್ಕೆ ಕೆಲವು ಹಳೆಯ ಕೈಪಿಡಿಗಳು ಆಲ್ಕೋಹಾಲ್ ಬಳಸುವವರಿಗೆ ಒಂದು, ಗ್ಲೈಕಾಲ್ ಬಳಸುವವರಿಗೆ ಇನ್ನೊಂದು ಎಂದು ಎರಡು ಥರ್ಮೋಸ್ಟಾಟ್‌ಗಳನ್ನು ಸೂಚಿಸಿದ್ದವು.

ಆದ್ದರಿಂದ ಆಯ್ಕೆಗೆ ಮೊದಲು ನೋಡಬೇಕಾದದ್ದು ಊರಿನ ಹವಾಮಾನವನ್ನಲ್ಲ, ರೇಡಿಯೇಟರ್ ಕ್ಯಾಪಿನ ಮೇಲೆ ಬರೆದಿರುವ ಒತ್ತಡವನ್ನು. ಸಮುದ್ರಮಟ್ಟದಲ್ಲಿ ಒತ್ತಡವಿಲ್ಲದ ವ್ಯವಸ್ಥೆಯಲ್ಲಿ ಬರೀ ನೀರು 100 ಡಿಗ್ರಿಗೆ ಕುದಿಯುತ್ತದೆ. 4 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಒತ್ತಡದ ಅಳತೆ) ಕ್ಯಾಪ್ ಇದ್ದರೆ ಸುಮಾರು 107, 7 ಪಿಎಸ್‌ಐ ಇದ್ದರೆ ಸುಮಾರು 111, 15 ಪಿಎಸ್‌ಐ ಇದ್ದರೆ ಸುಮಾರು 121 ಡಿಗ್ರಿಗೆ. ಅರ್ಧ ನೀರು, ಅರ್ಧ ಗ್ಲೈಕಾಲ್ ಬೆರೆಸಿದ ಕೂಲೆಂಟ್‌ಗೆ 15 ಪಿಎಸ್‌ಐ ಕ್ಯಾಪ್ ಹಾಕಿದರೆ ಕುದಿಯುವ ಬಿಂದು 129 ಡಿಗ್ರಿಯವರೆಗೆ ಹೋಗುತ್ತದೆ. ಎತ್ತರಕ್ಕೆ ಹೋದಂತೆ ಪ್ರತಿ 300 ಮೀಟರಿಗೆ ಸುಮಾರು ಒಂದು ಡಿಗ್ರಿಯಂತೆ ಈ ಲೆಕ್ಕ ಇಳಿಯುತ್ತದೆ. ಈಗ ಒತ್ತಡವಿಲ್ಲದ ಕ್ಯಾಪಿನ, ಬರೀ ನೀರು ತುಂಬಿದ ಒಂದು ಕಾರು ಸಾವಿರ ಮೀಟರ್ ಎತ್ತರದಲ್ಲಿ ಓಡುತ್ತಿದೆ ಎಂದುಕೊಳ್ಳಿ. ಅದರಲ್ಲಿ ನೀರು 97 ಡಿಗ್ರಿಯ ಹತ್ತಿರವೇ ಕುದಿಯುತ್ತದೆ, ಆದರೆ 88 ಡಿಗ್ರಿಯ ಥರ್ಮೋಸ್ಟಾಟ್ ಪೂರ್ತಿ ತೆರೆಯಲು 98ರಿಂದ 103 ಡಿಗ್ರಿ ಬೇಕು. ರೇಡಿಯೇಟರ್‌ಗೆ ಪೂರ್ತಿ ದಾರಿ ಸಿಗುವ ಮೊದಲೇ ನೀರು ಕುದಿದು ಹೊರಚೆಲ್ಲುತ್ತದೆ. ಇಂತಹ ಕಾರಿಗೆ 71 ಅಥವಾ 74 ಡಿಗ್ರಿಯದೇ ಸರಿ. ಇದು ಅಭಿರುಚಿಯ ಪ್ರಶ್ನೆಯಲ್ಲ, ಲೆಕ್ಕದ ಪ್ರಶ್ನೆ.

ಕ್ಯಾಪ್ 7 ಪಿಎಸ್‌ಐ ಅಥವಾ ಅದಕ್ಕಿಂತ ಹೆಚ್ಚಿನದಾಗಿದ್ದು ಕೂಲೆಂಟ್ ಗ್ಲೈಕಾಲ್ ಬೆರೆತದ್ದಾಗಿದ್ದರೆ 82 ಡಿಗ್ರಿಯದು ಬಹುಪಾಲು ಕಾರ್ಬ್ಯುರೇಟರ್ (ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಭಾಗ) ಇರುವ ಎಂಜಿನ್‌ಗಳಿಗೆ ಹೊಂದುತ್ತದೆ. ತಯಾರಕರ ಕೈಪಿಡಿಯಲ್ಲಿ ಬೇರೆ ಅಂಕಿ ಇಲ್ಲದಿದ್ದರೆ ನನ್ನ ಮೊದಲ ಆಯ್ಕೆ ಯಾವಾಗಲೂ ಇದೇ. 88 ಡಿಗ್ರಿಯದು ಚಳಿ ಪ್ರದೇಶಗಳಿಗೆ ಉತ್ತಮ, ಏಕೆಂದರೆ ಕಾರಿನ ಒಳಗಿನ ಹೀಟರ್‌ಗೆ ಬರುವ ನೀರು ಅಷ್ಟರಮಟ್ಟಿಗೆ ಬಿಸಿಯಾಗಿರುತ್ತದೆ. ಕೆಲವು ತಯಾರಕರು ಒಂದೇ ಎಂಜಿನ್ನಿಗೆ ಬಿಸಿಲು ನಾಡಿಗೆ 74, ಸಾಮಾನ್ಯ ಬಳಕೆಗೆ 82, ಚಳಿ ನಾಡಿಗೆ 88 ಎಂದು ಮೂರು ಬಗೆಯವನ್ನು ಕೊಡುತ್ತಿದ್ದರು. 91 ಡಿಗ್ರಿ, ಅಂದರೆ 195 ಫ್ಯಾರನ್‌ಹೀಟ್, ಅಮೆರಿಕದ ಕಾರುಗಳಲ್ಲಿ ಹೆಚ್ಚಾಗಿ ಕಾಣಿಸಿಕೊಂಡದ್ದು ಹೊಗೆಯ ನಿಯಮಗಳು ಬಿಗಿಯಾದ 1960ರ ದಶಕದ ಕೊನೆಯ ವರ್ಷಗಳಿಂದೀಚೆಗೆ. ಬಿಸಿಯಾದ ಎಂಜಿನ್ನಿನಲ್ಲಿ ಇಂಧನ ಹೆಚ್ಚು ಸ್ವಚ್ಛವಾಗಿ ಉರಿಯುತ್ತದೆ ಎಂಬುದು ಅದರ ಹಿಂದಿನ ಉದ್ದೇಶ. ಆ ಎಂಜಿನ್‌ಗಳ ಕಾರ್ಬ್ಯುರೇಟರ್ ಮತ್ತು ಇಗ್ನಿಷನ್ ಹೊಂದಾಣಿಕೆಯೂ ಅದೇ ತಾಪಮಾನಕ್ಕೆ ತಕ್ಕಂತೆ ಇರುವುದರಿಂದ ಅಲ್ಲಿ ಅಂಕಿ ಬದಲಾಯಿಸುವ ಮೊದಲು ಎರಡು ಸಲ ಯೋಚಿಸಬೇಕು.

ಬಿಸಿಲು ನಾಡಿನಲ್ಲಿ ಓಡುವ ಕಾರಿಗೆ ಕಡಿಮೆ ಅಂಕಿಯದು ಒಳ್ಳೆಯದಲ್ಲವೇ ಎಂದು ಕೇಳುವವರಿಗೆ ಉತ್ತರ ಇಷ್ಟು. ರೇಡಿಯೇಟರ್ ಚೆನ್ನಾಗಿದ್ದರೆ 82 ಡಿಗ್ರಿಯದು ಎಂತಹ ಬಿಸಿಲಿನಲ್ಲೂ ಸಾಕು. ರೇಡಿಯೇಟರ್ ಕಟ್ಟಿಕೊಂಡಿದ್ದರೆ 71 ಡಿಗ್ರಿಯದು ಕೊಡುವುದು ಕುದಿಯುವ ಹೊತ್ತನ್ನು ಕೆಲವು ನಿಮಿಷ ಮುಂದೂಡುವ ಅವಕಾಶವನ್ನಷ್ಟೇ. ಉದ್ದನೆಯ ಏರಿನಲ್ಲಿ ಎಂಜಿನ್ ಸ್ವಲ್ಪ ತಣ್ಣಗಿನ ಹಂತದಿಂದ ಹೊರಟು ಕೊನೆಗೆ ಅದೇ ಅಪಾಯದ ಮಟ್ಟವನ್ನು ತಲುಪುತ್ತದೆ. ದೋಷವನ್ನು ಮರೆಮಾಡುವ ಭಾಗವನ್ನು ಹಾಕಿ ದೋಷ ಹೋಯಿತೆಂದು ಭಾವಿಸುವುದು ಹಳೆಯ ಎಂಜಿನ್ನಿಗೆ ಮಾಡುವ ಅನ್ಯಾಯ.

ತಣ್ಣಗೆ ಓಡುವುದರ ನಷ್ಟ

ಎಂಜಿನ್ ಬಿಸಿಯಾದರೆ ಆಗುವ ಹಾನಿ ಕಣ್ಣಿಗೆ ಕಾಣುತ್ತದೆ: ಹಬೆ, ವಾಸನೆ, ಸುಟ್ಟ ಹೆಡ್ ಗ್ಯಾಸ್ಕೆಟ್ (ಬ್ಲಾಕ್ ಮತ್ತು ಅದರ ಮೇಲೆ ಕೂರುವ ಹೆಡ್‌ನ ನಡುವಿನ ಸೋರುತಡೆ). ತಣ್ಣಗೆ ಓಡಿದರೆ ಆಗುವ ಹಾನಿ ತಿಂಗಳುಗಟ್ಟಲೆ ಸದ್ದಿಲ್ಲದೆ ನಡೆಯುತ್ತದೆ. ಪೆಟ್ರೋಲ್ ಉರಿದಾಗ ಹುಟ್ಟುವ ನೀರಿನ ಆವಿ ತಣ್ಣನೆಯ ಸಿಲಿಂಡರ್ ಗೋಡೆಗೆ ತಾಗಿ ಹನಿಗಟ್ಟುತ್ತದೆ, ಉರಿತದ ಅನಿಲಗಳು ಅದರಲ್ಲಿ ಕರಗಿ ಆಮ್ಲವಾಗುತ್ತವೆ, ಪಿಸ್ಟನ್ ರಿಂಗುಗಳು ಮತ್ತು ಸಿಲಿಂಡರ್‌ಗಳು ಅದರಿಂದ ಸವೆಯುತ್ತವೆ. ಪೂರ್ತಿ ಆವಿಯಾಗದ ಪೆಟ್ರೋಲ್ ಗೋಡೆಯ ಮೇಲಿನ ಆಯಿಲ್ ಪದರವನ್ನು ತೊಳೆದು ಕೆಳಗಿನ ಆಯಿಲ್ ತೊಟ್ಟಿಗೆ ಇಳಿದು ಆಯಿಲನ್ನು ತೆಳುವಾಗಿಸುತ್ತದೆ. ಆಯಿಲ್ ಸಾಕಷ್ಟು ಬಿಸಿಯಾಗದ ಕಾರಣ ಅದರಲ್ಲಿ ಸೇರಿದ ನೀರು ಹೊರಹೋಗದೆ ಕೆಸರಿನಂತೆ ಗಟ್ಟಿಯಾಗುತ್ತದೆ. ಆಯಿಲ್ ತುಂಬುವ ಮುಚ್ಚಳವನ್ನು ತಿರುಗಿಸಿ ಒಳಭಾಗವನ್ನು ನೋಡಿದಾಗ ಕಂದುಬಿಳಿ ಬಣ್ಣದ ನೊರೆ ಅಂಟಿಕೊಂಡಿದ್ದರೆ, ಮತ್ತು ಹೆಡ್ ಗ್ಯಾಸ್ಕೆಟ್ ಸರಿಯಿದೆಯೆಂದು ಖಚಿತವಾಗಿದ್ದರೆ, ಎಂಜಿನ್ ಬಹುಶಃ ತಣ್ಣಗೆ ಓಡುತ್ತಿದೆ ಅಥವಾ ತೀರಾ ಹತ್ತಿರದ ಓಡಾಟಗಳನ್ನಷ್ಟೇ ಕಾಣುತ್ತಿದೆ.

ನೀರಿನ ಶಾಖದಿಂದ ಕೆಲಸಮಾಡುವ ಸ್ವಯಂಚಾಲಿತ ಚೋಕ್ (ತಣ್ಣನೆಯ ಎಂಜಿನ್ನಿಗೆ ಪೆಟ್ರೋಲ್ ಹೆಚ್ಚಿರುವ ಮಿಶ್ರಣ ಕೊಡುವ ಭಾಗ) ಇರುವ ಕಾರುಗಳಲ್ಲಿ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ನೀರು ನಿಗದಿತ ಮಟ್ಟಕ್ಕೆ ಬಿಸಿಯಾಗದಿದ್ದರೆ ಚೋಕ್ ಪೂರ್ತಿ ಬಿಡುವುದಿಲ್ಲ, ಮಿಶ್ರಣ ದಪ್ಪವಾಗಿಯೇ ಉಳಿಯುತ್ತದೆ, ಪೆಟ್ರೋಲ್ ಖರ್ಚು ಏರುತ್ತದೆ, ಸ್ಪಾರ್ಕ್ ಪ್ಲಗ್‌ಗಳು ಕಪ್ಪಾಗುತ್ತವೆ. ಮಾಲೀಕರು ಕಾರ್ಬ್ಯುರೇಟರ್ ಬಿಚ್ಚಿ ತಿಂಗಳುಗಟ್ಟಲೆ ಹುಡುಕುವ ಈ ದೋಷದ ಮೂಲ ಹಲವು ಬಾರಿ ತೆರೆದೇ ನಿಂತಿರುವ ಥರ್ಮೋಸ್ಟಾಟ್.

ಥರ್ಮೋಸ್ಟಾಟ್ ಇಲ್ಲದೆಯೇ ಓಡಿಸಿದರೆ

1908ರಿಂದ 1927ರವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿ ಥರ್ಮೋಸ್ಟಾಟ್ ಇಲ್ಲದೆಯೇ ಓಡಿತು. ಬಿಸಿನೀರು ಮೇಲೇರಿ ತಣ್ಣೀರು ಕೆಳಗಿಳಿಯುವ ಸಹಜ ಹರಿವನ್ನೇ ಅದು ನೆಚ್ಚಿತ್ತು. ಅಂತಹ ವ್ಯವಸ್ಥೆಗಾಗಿಯೇ ರೂಪುಗೊಂಡ ಎಂಜಿನ್ನಿನ ಮಾತು ಬೇರೆ, ಥರ್ಮೋಸ್ಟಾಟ್ ಇರಬೇಕಾದ ಎಂಜಿನ್ನಿನಿಂದ ಅದನ್ನು ಕಿತ್ತು ಹಾಕುವ ಮಾತು ಬೇರೆ.

ಕಿತ್ತರೆ ನೀರು ರೇಡಿಯೇಟರ್‌ನಲ್ಲಿ ವೇಗವಾಗಿ ಹಾದು ತಣಿಯಲು ಸಮಯವೇ ಸಿಗುವುದಿಲ್ಲ ಎಂಬ ವಿವರಣೆ ಬಹಳ ಕಡೆ ಕೇಳಿಬರುತ್ತದೆ. ಅದು ಸರಿಯಲ್ಲ, ಹರಿವು ಹೆಚ್ಚಿದರೆ ರೇಡಿಯೇಟರ್ ಒಟ್ಟಾರೆ ಹೊರಹಾಕುವ ಶಾಖ ಕಡಿಮೆಯಾಗುವುದಿಲ್ಲ. ಕಿತ್ತಮೇಲೂ ಎಂಜಿನ್ ಬಿಸಿಯಾಗುವುದಕ್ಕೆ ನಿಜವಾದ ಕಾರಣಗಳು ಎರಡು. ಥರ್ಮೋಸ್ಟಾಟ್ ಒಡ್ಡುವ ತಡೆಯಿಂದಾಗಿ ಪಂಪ್ ತಿರುಗುವಾಗ ಬ್ಲಾಕ್ ಮತ್ತು ಹೆಡ್‌ನ ಒಳಗೆ ಒತ್ತಡ ತುಸು ಹೆಚ್ಚಿರುತ್ತದೆ; ಎಕ್ಸಾಸ್ಟ್ ವಾಲ್ವ್‌ಗಳ ಸುತ್ತಲಿನ ಅತಿ ಬಿಸಿಯಾದ ಜಾಗಗಳಲ್ಲಿ ನೀರು ಹಬೆಯಾಗಿ ಗುಳ್ಳೆಕಟ್ಟದಂತೆ ಆ ಒತ್ತಡ ತಡೆಯುತ್ತದೆ, ತಡೆಯನ್ನು ತೆಗೆದರೆ ಆ ರಕ್ಷಣೆ ಹೋಗುತ್ತದೆ. ಎರಡನೆಯ ಕಾರಣ ಬೈಪಾಸ್, ಅದರ ವಿಷಯ ಮುಂದೆ ಬರುತ್ತದೆ. ಪಂದ್ಯಗಳಲ್ಲಿ ಓಡುವವರು ಥರ್ಮೋಸ್ಟಾಟ್ ಬದಲು ಅದೇ ಜಾಗದಲ್ಲಿ ತೂತಿರುವ ತಟ್ಟೆಯನ್ನೋ ಖಾಲಿ ಕೊಳವೆಯನ್ನೋ ಕೂರಿಸುವುದು ಇದೇ ತಡೆಯನ್ನು ಉಳಿಸಿಕೊಳ್ಳಲು. ಅವರ ಎಂಜಿನ್ ಸದಾ ಪೂರ್ಣ ಹೊರೆಯಲ್ಲಿ ಓಡುತ್ತದೆ, ರಸ್ತೆಯ ಕಾರು ಹಾಗಲ್ಲ. ಅವರ ಪರಿಹಾರವನ್ನು ನಾವು ಎರವಲು ಪಡೆಯಬೇಕಿಲ್ಲ.

ಬೈಪಾಸ್: ಹೆಚ್ಚು ತಪ್ಪು ಆಗುವ ಜಾಗ

ಥರ್ಮೋಸ್ಟಾಟ್ ಮುಚ್ಚಿರುವಾಗಲೂ ಪಂಪ್ ತಿರುಗುತ್ತಲೇ ಇರುತ್ತದೆ. ಆ ನೀರು ಎಂಜಿನ್ನಿನ ಒಳಗೇ ಸುತ್ತುತ್ತಿರಬೇಕು, ಇಲ್ಲದಿದ್ದರೆ ಒಂದು ಕಡೆ ಕುದಿದು ಇನ್ನೊಂದು ಕಡೆ ತಣ್ಣಗಿರುತ್ತದೆ, ಥರ್ಮೋಸ್ಟಾಟ್‌ಗೂ ನಿಜವಾದ ತಾಪಮಾನ ತಿಳಿಯುವುದಿಲ್ಲ. ಅದಕ್ಕಾಗಿ ಇರುವ ಅಡ್ಡದಾರಿಯೇ ಬೈಪಾಸ್. ಹಳೆಯ ಎಂಜಿನ್‌ಗಳು ಈ ದಾರಿಯನ್ನು ಎರಡು ರೀತಿಯಲ್ಲಿ ನಿಭಾಯಿಸುತ್ತವೆ, ಮತ್ತು ಸರಿಯಾದ ಥರ್ಮೋಸ್ಟಾಟ್ ಯಾವುದೆಂಬುದು ತಾಪಮಾನದ ಅಂಕಿಗಿಂತ ಹೆಚ್ಚಾಗಿ ಇದರ ಮೇಲೆ ನಿಂತಿದೆ.

ಮೊದಲನೆಯ ರೀತಿಯಲ್ಲಿ ಬೈಪಾಸ್ ಸಣ್ಣದಾಗಿದ್ದು ಸದಾ ತೆರೆದಿರುತ್ತದೆ. ಮಾರಿಸ್ ಮೈನರ್ ಮತ್ತು ಮಿನಿ ಕಾರುಗಳ ಎ ಸರಣಿಯ ಎಂಜಿನ್‌ಗಳಲ್ಲಿ ಹೆಡ್ ಮತ್ತು ವಾಟರ್ ಪಂಪ್‌ನ ನಡುವೆ ಇರುವ, ಬದಲಾಯಿಸುವವರ ಬೆರಳುಗಳಿಗೆ ಸದಾ ಕಷ್ಟಕೊಡುವ ಗಿಡ್ಡ ಹೋಸ್ ಇದಕ್ಕೆ ಉದಾಹರಣೆ. ಅದರ ಮೂಲಕ ಹಾಯುವ ನೀರು ಅಲ್ಪವಾದ್ದರಿಂದ ಸಾಮಾನ್ಯ ಥರ್ಮೋಸ್ಟಾಟ್ ಸಾಕು. ಎರಡನೆಯ ರೀತಿಯಲ್ಲಿ ಬೈಪಾಸ್ ದೊಡ್ಡದಾಗಿರುತ್ತದೆ, ಮತ್ತು ಥರ್ಮೋಸ್ಟಾಟ್ ರೇಡಿಯೇಟರ್‌ನ ದಾರಿಯನ್ನು ತೆರೆಯುತ್ತಿದ್ದಂತೆ ಬೈಪಾಸ್‌ನ ದಾರಿಯನ್ನು ತಾನೇ ಮುಚ್ಚಬೇಕಾಗುತ್ತದೆ. ಜಾಗ್ವಾರ್‌ನ ಎಕ್ಸ್‌ಕೆ ಎಂಜಿನ್, ಟ್ರಯಂಫ್‌ನ ಟಿಆರ್2 ಮತ್ತು ಟಿಆರ್3 ಕಾರುಗಳಲ್ಲಿ ಥರ್ಮೋಸ್ಟಾಟ್‌ನ ಸುತ್ತ ಲೋಹದ ಕೊಳವೆಯಂಥ ಒಂದು ತೋಳು ಇರುತ್ತದೆ. ವಾಲ್ವ್ ತೆರೆದಾಗ ಈ ತೋಳು ಸರಿದು ಪಕ್ಕದ ಬೈಪಾಸ್ ಕಂಡಿಯನ್ನು ಮುಚ್ಚುತ್ತದೆ. ಇನ್ನು ಕೆಲವು ಎಂಜಿನ್‌ಗಳಲ್ಲಿ ತೋಳಿನ ಬದಲು ಥರ್ಮೋಸ್ಟಾಟ್‌ನ ತುದಿಯಲ್ಲಿ ಸ್ಪ್ರಿಂಗ್ ಮೇಲೆ ಕೂತ ಎರಡನೆಯ ತಟ್ಟೆ ಇದ್ದು ಅದು ಎದುರಿನ ಕಂಡಿಯ ಮೇಲೆ ಒತ್ತಿ ಕೂರುತ್ತದೆ.

ತೋಳಿನ ಬಗೆಯವು ಕಾಲಕ್ರಮದಲ್ಲಿ ಅಪರೂಪವಾದವು. ಬದಲಿಗೆ ಅದೇ ವ್ಯಾಸದ ಸಾಮಾನ್ಯ ಥರ್ಮೋಸ್ಟಾಟನ್ನು ಕೂರಿಸಿದರೆ ಅದು ಜಾಗಕ್ಕೆ ಸರಿಯಾಗಿ ಹೊಂದುತ್ತದೆ, ಸೋರುವುದಿಲ್ಲ, ನಿಗದಿತ ತಾಪಮಾನಕ್ಕೆ ತೆರೆದುಕೊಳ್ಳುತ್ತದೆ ಕೂಡ. ಆದರೆ ಬೈಪಾಸ್ ತೆರೆದೇ ಉಳಿಯುತ್ತದೆ, ಹೆಡ್‌ನಿಂದ ಬಂದ ಬಿಸಿನೀರಿನ ದೊಡ್ಡ ಪಾಲು ರೇಡಿಯೇಟರ್ ಕಡೆಗೆ ಹೋಗದೆ ನೇರವಾಗಿ ಪಂಪ್‌ಗೆ ಮರಳುತ್ತದೆ. ಸಾಮಾನ್ಯ ಓಡಾಟದಲ್ಲಿ ಏನೂ ತಿಳಿಯದು. ಏರಿನಲ್ಲಿ, ವಾಹನಗಳ ದಟ್ಟಣೆಯಲ್ಲಿ ಮುಳ್ಳು ಏರುತ್ತದೆ. ಮಾಲೀಕರು ರೇಡಿಯೇಟರ್ ಬದಲಾಯಿಸುತ್ತಾರೆ, ಎಲೆಕ್ಟ್ರಿಕ್ ಫ್ಯಾನ್ ಹಾಕಿಸುತ್ತಾರೆ, ಕೊನೆಗೆ ಥರ್ಮೋಸ್ಟಾಟನ್ನೇ ತೆಗೆಯುತ್ತಾರೆ, ಆಗಲೂ ಅದೇ ಕಂಡಿ ತೆರೆದೇ ಇರುತ್ತದೆ. ಇಂತಹ ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆಗೆದರೆ ಬಿಸಿ ಹೆಚ್ಚಾಗುವುದೇ ಹೊರತು ಕಡಿಮೆಯಾಗುವುದಿಲ್ಲ.

ಆದ್ದರಿಂದ ಕೊಳ್ಳುವ ಮೊದಲು ಥರ್ಮೋಸ್ಟಾಟ್‌ನ ಮನೆಯನ್ನು, ಅಂದರೆ ಅದು ಕೂರುವ ಹೌಸಿಂಗನ್ನು ಬಿಚ್ಚಿ ಒಳಗೆ ದೀಪ ಹಿಡಿದು ನೋಡಬೇಕು. ಪಕ್ಕದ ಗೋಡೆಯಲ್ಲಿ ಅಥವಾ ತಳದಲ್ಲಿ ಬೇರೊಂದು ಕಂಡಿ ಇದೆಯೇ? ಇದ್ದರೆ ಅದು ಬೆರಳಿನ ತುದಿ ಹೋಗುವಷ್ಟು ದೊಡ್ಡದೇ, ಪೆನ್ಸಿಲ್ ಹೋಗುವಷ್ಟು ಸಣ್ಣದೇ? ದೊಡ್ಡದಾಗಿದ್ದರೆ ಬೈಪಾಸ್ ಮುಚ್ಚುವ ಬಗೆಯದೇ ಬೇಕು, ಮತ್ತು ತೋಳು ಅಥವಾ ತಟ್ಟೆ ಎಷ್ಟು ದೂರ ಸರಿಯುತ್ತದೆ ಎಂಬುದನ್ನೂ ಅಳೆದು ನೋಡಬೇಕು. ಎರಡು ಮಿಲಿಮೀಟರ್ ಕಡಿಮೆಯಾದರೆ ಕಂಡಿ ಅರ್ಧಂಬರ್ಧ ಮುಚ್ಚುತ್ತದೆ, ಹೆಚ್ಚಾದರೆ ತಟ್ಟೆ ಎದುರಿನ ಲೋಹಕ್ಕೆ ತಾಗಿ ವಾಲ್ವ್ ಪೂರ್ತಿ ತೆರೆಯದು. ತೋಳಿನದು ಸಿಗದೇ ಹೋದಲ್ಲಿ ಬೈಪಾಸ್ ಕಂಡಿಗೆ ಸಣ್ಣ ತೂತಿರುವ ಬಿರಡೆ ಹಾಕಿ ಸಾಮಾನ್ಯ ಥರ್ಮೋಸ್ಟಾಟ್ ಬಳಸುವುದು ಒಂದು ದಾರಿ. ಕಂಡಿಯನ್ನು ಸಂಪೂರ್ಣವಾಗಿ ಮುಚ್ಚಿಬಿಡುವುದು ಮಾತ್ರ ಬೇಡ. ತಣ್ಣನೆಯ ಎಂಜಿನ್ನಿನಲ್ಲಿ ನೀರು ಸುತ್ತದೆ ನಿಂತುಬಿಡುತ್ತದೆ.

ಉಳಿದ ಬಗೆಗಳು

ಬೆಲ್ಲೋಸ್ ಬಗೆಯವು ಮೇಣದವಕ್ಕಿಂತ ಹಳೆಯವು. ಸುಕ್ಕುಸುಕ್ಕಾದ ತೆಳು ಹಿತ್ತಾಳೆಯ ಡಬ್ಬಿಯೊಳಗೆ ಬೇಗ ಆವಿಯಾಗುವ ದ್ರವವಿದ್ದು, ಅದರ ಆವಿಯ ಒತ್ತಡಕ್ಕೆ ಡಬ್ಬಿ ಹಿಗ್ಗಿ ವಾಲ್ವ್ ತೆರೆಯುತ್ತದೆ. ಇವುಗಳ ದೊಡ್ಡ ಗುಣವೆಂದರೆ ಡಬ್ಬಿ ಸೋರಿದರೆ ಸಾಮಾನ್ಯವಾಗಿ ವಾಲ್ವ್ ತೆರೆದ ಸ್ಥಿತಿಗೆ ಬಂದು ನಿಲ್ಲುತ್ತದೆ, ಎಂಜಿನ್ ಉಳಿಯುತ್ತದೆ. ದೊಡ್ಡ ದೋಷವೆಂದರೆ ವ್ಯವಸ್ಥೆಯ ಒತ್ತಡ ಏರಿದಂತೆ ಅದು ಡಬ್ಬಿಯನ್ನು ಹೊರಗಿನಿಂದ ಅಮುಕುತ್ತದೆ, ತೆರೆಯುವ ತಾಪಮಾನ ಬದಲಾಗುತ್ತದೆ. ಎರಡನೆಯ ಮಹಾಯುದ್ಧದ ನಂತರ ಒತ್ತಡದ ಕ್ಯಾಪ್‌ಗಳು ಸಾಮಾನ್ಯವಾದಂತೆ ಮೇಣದವು ಗೆದ್ದದ್ದು ಇದರಿಂದಲೇ. ಮೇಣದ ಬಗೆಯಲ್ಲಿ ಇದು ತಿರುಗುಮುರುಗು: ಒತ್ತಡಕ್ಕೆ ಅದು ಬಗ್ಗದು, ಆದರೆ ಮೇಣ ಸೋರಿಹೋದರೆ ಸ್ಪ್ರಿಂಗ್ ವಾಲ್ವನ್ನು ಮುಚ್ಚಿಬಿಡುತ್ತದೆ. ಒತ್ತಡವಿಲ್ಲದ ಹಳೆಯ ಕಾರಿನಲ್ಲಿ ಮೂಲ ಬೆಲ್ಲೋಸ್ ಇನ್ನೂ ಸರಿಯಾಗಿ ತೆರೆಯುತ್ತಿದ್ದರೆ ಅದನ್ನು ಬದಲಿಸುವ ಆತುರ ಬೇಡ ಎಂಬುದು ನನ್ನ ಅಭಿಪ್ರಾಯ.

ಗಾಳಿಯಿಂದ ತಣಿಯುವ ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲೂ ಥರ್ಮೋಸ್ಟಾಟ್ ಇದೆ ಎಂಬುದು ಹಲವರಿಗೆ ಅಚ್ಚರಿ. ಸಿಲಿಂಡರ್‌ಗಳ ಕೆಳಗೆ ಕೂತಿರುವ ಆ ಬೆಲ್ಲೋಸ್ ಫ್ಯಾನ್ ಮನೆಯೊಳಗೆ ಗಾಳಿಯ ದಾರಿಗೆ ಅಡ್ಡವಿರುವ ರೆಕ್ಕೆಗಳನ್ನು ತೆಳುವಾದ ಸರಳಿನ ಮೂಲಕ ತೆರೆದು ಮುಚ್ಚುತ್ತದೆ. ಅದನ್ನು ರೆಕ್ಕೆಗಳ ಸಮೇತ ಕಿತ್ತು ಹಾಕಿದ ಬೀಟಲ್‌ಗಳು ಬಹಳ. ತಣ್ಣಗೆ ಓಡುವುದರ ನಷ್ಟ ಅಲ್ಲಿಯೂ ಇಷ್ಟೇ ನಿಜ.

ಬಿಎಂಡಬ್ಲ್ಯು 2002ರಂಥ ಕಾರುಗಳಲ್ಲಿ ಥರ್ಮೋಸ್ಟಾಟ್ ಎಂಜಿನ್ನಿನ ಹೊರಗೆ ಮೂರು ಹೋಸ್‌ಗಳ ನಡುವೆ ನೇತಾಡುವ ಪ್ರತ್ಯೇಕ ಬಿಡಿಭಾಗ. ಅದನ್ನು ಇಡಿಯಾಗಿಯೇ ಬದಲಿಸಬೇಕು, ಮತ್ತು ಯಾವ ಬಾಯಿಗೆ ಯಾವ ಹೋಸ್ ಎಂಬುದು ತಪ್ಪಬಾರದು. ಮೊದಲ ತಲೆಮಾರಿನ ಫೋಕ್ಸ್‌ವ್ಯಾಗನ್ ಗಾಲ್ಫ್‌ನ ದೊಡ್ಡ ಎಂಜಿನ್‌ಗಳಲ್ಲಿ ಅದು ಪಂಪ್‌ನ ಒಳಹರಿವಿನ ಕಡೆ, ಕೆಳಗೆ ಇರುತ್ತದೆ. ಅಲ್ಲಿ ಅದು ಅಳೆಯುವುದು ರೇಡಿಯೇಟರ್‌ನಿಂದ ಬಂದ ತಣ್ಣೀರು ಮತ್ತು ಬೈಪಾಸ್‌ನ ಬಿಸಿನೀರು ಬೆರೆತ ತಾಪಮಾನವನ್ನು. ಇಂತಹ ಎಂಜಿನ್‌ಗಳಿಗೆ ಹೆಡ್ ಮೇಲಿನ ಥರ್ಮೋಸ್ಟಾಟ್‌ಗಳ ಅಂಕಿಯನ್ನು ಹೋಲಿಸಿ ಆಯ್ಕೆ ಮಾಡುವುದು ತಪ್ಪು ಲೆಕ್ಕಕ್ಕೆ ದಾರಿ.

ಇತ್ತೀಚೆಗೆ ಸಿಗುವ ಇನ್ನೊಂದು ಬಗೆ, ಅತಿಯಾಗಿ ಬಿಸಿಯಾದರೆ ತೆರೆದ ಸ್ಥಿತಿಯಲ್ಲೇ ಕೊಂಡಿ ಹಾಕಿಕೊಂಡು ನಿಲ್ಲುವಂಥದ್ದು. ಕೇಳಲು ಹಿತವಾಗಿದೆ. ಆದರೆ ಅದು ಎಂಜಿನ್ ಬಿಸಿಯಾಗುವುದನ್ನು ತಡೆಯುವುದಿಲ್ಲ, ಬಿಸಿಯಾದ ಮೇಲೆ ಕೊಂಡಿ ಹಾಕಿಕೊಳ್ಳುತ್ತದೆ. ಹೋಸ್ ಸೋರಿ ಒಂದು ಬಾರಿ ಬಿಸಿಯಾದರೂ ಮತ್ತೆ ಹೊಸದು ಬೇಕು. ದೂರದ, ನೆರವು ಸಿಗದ ದಾರಿಗಳಲ್ಲಿ ಓಡುವ ಕಾರಿಗೆ ಇದು ಯೋಗ್ಯ. ಉಳಿದವರಿಗೆ ಒಳ್ಳೆಯ ಸಾಮಾನ್ಯ ಮೇಣದ ಥರ್ಮೋಸ್ಟಾಟೇ ಸಾಕು.

ಹಳೆಯದು ಕೆಟ್ಟಿದೆಯೇ ಎಂದು ತಿಳಿಯುವುದು

ಮೀಟರನ್ನು ಕಣ್ಣುಮುಚ್ಚಿ ನಂಬಬಾರದು. 1960ರ ದಶಕದ ಅನೇಕ ಬ್ರಿಟಿಷ್ ಕಾರುಗಳಲ್ಲಿ ತಾಪಮಾನ ಮತ್ತು ಪೆಟ್ರೋಲ್ ಮೀಟರುಗಳೆರಡಕ್ಕೂ 10 ವೋಲ್ಟ್ ಕೊಡುವ ಒಂದೇ ಸ್ಟೆಬಿಲೈಸರ್ ಇರುತ್ತದೆ. ಅದು ಕೆಟ್ಟು ಬ್ಯಾಟರಿಯ ಪೂರ್ತಿ ವೋಲ್ಟೇಜ್ ಹಾಯತೊಡಗಿದರೆ ಎರಡೂ ಮುಳ್ಳುಗಳು ಒಟ್ಟಿಗೆ ಹೆಚ್ಚು ತೋರಿಸುತ್ತವೆ. ಎಂಜಿನ್ ಬಿಸಿಯೆಂದು ತೋರುವಾಗ ಟ್ಯಾಂಕಿನಲ್ಲಿರುವುದಕ್ಕಿಂತ ಹೆಚ್ಚು ಪೆಟ್ರೋಲ್ ಕೂಡ ತೋರುತ್ತಿದ್ದರೆ ಮೊದಲು ಅದನ್ನು ನೋಡಿ. ಹೌಸಿಂಗ್‌ನ ಮೇಲೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ಪರೀಕ್ಷಿಸಬಹುದು. ಹೊಳೆಯುವ ಬರಿಯ ಲೋಹದ ಮೇಲೆ ಅದು ಕಡಿಮೆ ತೋರಿಸುವುದರಿಂದ ಆ ಜಾಗಕ್ಕೆ ಕಪ್ಪು ಟೇಪಿನ ಚೂರೊಂದನ್ನು ಅಂಟಿಸಿಕೊಳ್ಳಬೇಕು.

ತಣ್ಣನೆಯ ಎಂಜಿನ್ ಚಾಲೂ ಮಾಡಿ ರೇಡಿಯೇಟರ್‌ನ ಮೇಲಿನ ಹೋಸನ್ನು ಫ್ಯಾನಿನಿಂದ ದೂರವಿದ್ದು ಆಗಾಗ ಮುಟ್ಟಿ ನೋಡುವುದು ಇನ್ನೂ ಸರಳ. ಥರ್ಮೋಸ್ಟಾಟ್ ಹೆಡ್ ಮೇಲಿರುವ ಕಾರುಗಳಲ್ಲಿ ಹೋಸ್ ಹಲವು ನಿಮಿಷ ತಣ್ಣಗಿದ್ದು ಆಮೇಲೆ ತಟ್ಟನೆ ಬಿಸಿಯಾದರೆ ಎಲ್ಲವೂ ಸರಿ. ಮೊದಲಿನಿಂದಲೇ ನಿಧಾನವಾಗಿ ಬೆಚ್ಚಗಾಗುತ್ತ ಹೋದರೆ ವಾಲ್ವ್ ತೆರೆದೇ ನಿಂತಿದೆ. ಮುಳ್ಳು ಕೆಂಪಿಗೆ ಹೋದರೂ ಹೋಸ್ ತಣ್ಣಗಿದ್ದರೆ ಮುಚ್ಚಿಯೇ ನಿಂತಿದೆ, ಅಥವಾ ಅದರ ಕೆಳಗೆ ಗಾಳಿ ಸಿಕ್ಕಿಕೊಂಡಿದೆ. ತಕ್ಷಣ ಎಂಜಿನ್ ನಿಲ್ಲಿಸಬೇಕು, ಬಿಸಿಯಿರುವಾಗ ಕ್ಯಾಪ್ ತೆಗೆಯಬಾರದು.

ಬಿಚ್ಚಿದ ಮೇಲೆ ಪಾತ್ರೆಯ ನೀರಿನಲ್ಲಿ ಪರೀಕ್ಷಿಸುವುದು ಎಲ್ಲಕ್ಕಿಂತ ಖಚಿತ, ಹೊಸದನ್ನೂ ಹಾಕುವ ಮೊದಲು ಹೀಗೆ ನೋಡಿಯೇ ಹಾಕುವುದು ಒಳ್ಳೆಯದು. ವಾಲ್ವನ್ನು ಉಗುರಿನಿಂದ ತುಸು ಬಿಡಿಸಿ ಒಂದು ದಾರವನ್ನು ಅದರ ಅಂಚಿನಲ್ಲಿ ಸಿಕ್ಕಿಸಿ, ಅದೇ ದಾರದಿಂದ ಥರ್ಮೋಸ್ಟಾಟನ್ನು ನೀರಿನೊಳಗೆ ತೂಗಿಬಿಡಿ; ಅದು ಪಾತ್ರೆಯ ತಳಕ್ಕಾಗಲಿ ಗೋಡೆಗಾಗಲಿ ತಾಗಬಾರದು. ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು ಸಣ್ಣ ಉರಿಯಲ್ಲಿ ಕಾಯಿಸುತ್ತ, ನೀರನ್ನು ಕಲಕುತ್ತಿರಿ. ವಾಲ್ವ್ ತೆರೆಯಲು ಶುರುವಾದ ಕ್ಷಣವೇ ದಾರ ಬಿಟ್ಟು ಥರ್ಮೋಸ್ಟಾಟ್ ಕೆಳಗೆ ಬೀಳುತ್ತದೆ, ಆಗ ಥರ್ಮಾಮೀಟರ್ ತೋರಿಸುವುದೇ ಅದರ ನಿಜವಾದ ಅಂಕಿ. ಅಚ್ಚೊತ್ತಿದ್ದಕ್ಕಿಂತ ಎರಡು ಮೂರು ಡಿಗ್ರಿ ಆಚೀಚೆ ಇದ್ದರೆ ಚಿಂತೆಯಿಲ್ಲ. ಕುದಿಯುವ ನೀರಿನಲ್ಲಿ ಕೆಲವು ನಿಮಿಷ ಬಿಟ್ಟು ಇಕ್ಕಳದಿಂದ ಎತ್ತಿ ವಾಲ್ವ್ ಎಷ್ಟು ಎದ್ದಿದೆ ನೋಡಿ. 82 ಡಿಗ್ರಿಯ ಸಾಮಾನ್ಯ ಗಾತ್ರದ್ದು ಸುಮಾರು 8 ಮಿಲಿಮೀಟರ್ ಎದ್ದಿರಬೇಕು. ಮೂರು ನಾಲ್ಕು ಮಿಲಿಮೀಟರ್ ಮಾತ್ರ ಏಳುವ ಥರ್ಮೋಸ್ಟಾಟ್ ಅತ್ಯಂತ ಮೋಸದ್ದು: ಪಟ್ಟಣದೊಳಗೆ ಚೆನ್ನಾಗಿರುತ್ತದೆ, ಹೆದ್ದಾರಿಯ ವೇಗದಲ್ಲಿ ಎಂಜಿನ್ ಬಿಸಿಯಾಗುತ್ತದೆ.

ಕೊಳ್ಳುವಾಗ ಮತ್ತು ಕೂರಿಸುವಾಗ

ಅಂಚಿನ ವ್ಯಾಸ ಅಳೆಯಿರಿ. ಬ್ರಿಟಿಷ್ ಮತ್ತು ಅಮೆರಿಕನ್ ಕಾರುಗಳಲ್ಲಿ 54 ಮಿಲಿಮೀಟರಿನದು ಬಹಳ ಸಾಮಾನ್ಯ, ಆದರೆ ಅದೇ ಎಂದು ಊಹಿಸಬೇಡಿ. ಅಂಚಿನ ದಪ್ಪವೂ ಮುಖ್ಯ. ಅಂಚಿನ ಮೇಲೆ ಅಲುಗಾಡುವ ಸಣ್ಣ ಪಿನ್ ಇರುವುದನ್ನೇ ಆರಿಸಿ; ನೀರು ತುಂಬುವಾಗ ಸಿಕ್ಕಿಕೊಂಡ ಗಾಳಿ ಅದರ ಮೂಲಕ ಹೊರಹೋಗುತ್ತದೆ. ಪಿನ್ ಇಲ್ಲದಿದ್ದರೆ ಅಂಚಿನಲ್ಲಿ 3 ಮಿಲಿಮೀಟರಿನ ಒಂದು ತೂತು ಕೊರೆಯಬಹುದು. ಎರಡಕ್ಕಿಂತ ಹೆಚ್ಚು ತೂತು ಕೊರೆದರೆ ಎಂಜಿನ್ ಬಿಸಿಯೇರಲು ತಡವಾಗುತ್ತದೆ.

ಕೂರಿಸುವಾಗ ಮೇಣದ ಬಟ್ಟಲು ಮತ್ತು ಸ್ಪ್ರಿಂಗ್ ಇರುವ ಬದಿ ಎಂಜಿನ್ ಕಡೆಗಿರಬೇಕು, ಗಾಳಿಯ ಪಿನ್ ಅತಿ ಎತ್ತರದ ಜಾಗದಲ್ಲಿರಬೇಕು. ಹಳೆಯ ಗ್ಯಾಸ್ಕೆಟ್‌ನ ಚೂರುಗಳನ್ನು ಮತ್ತು ಥರ್ಮೋಸ್ಟಾಟ್ ಕೂರುವ ದುಂಡನೆಯ ತಗ್ಗಿನ ತುಕ್ಕನ್ನು ಪೂರ್ತಿ ಕೆರೆದು ತೆಗೆಯಿರಿ, ಕೆರೆಯುವಾಗ ಕೆಳಗಿನ ತೂತಿಗೆ ಬಟ್ಟೆ ತುರುಕಿರಲಿ. ಮುಚ್ಚಳವನ್ನು ಇಡುವಾಗ ಥರ್ಮೋಸ್ಟಾಟ್ ಆ ತಗ್ಗಿನಿಂದ ಕೂದಲೆಳೆಯಷ್ಟು ಜಾರಿದ್ದರೂ ಬೋಲ್ಟ್ ಬಿಗಿಯುತ್ತಿದ್ದಂತೆ ಅಲ್ಯೂಮಿನಿಯಂ ಮುಚ್ಚಳದ ಕಿವಿ ಸೀಳುತ್ತದೆ. ಹಾಗಾಗಿ ಮೊದಲು ಬೆರಳಿನಿಂದ ಮುಚ್ಚಳವನ್ನು ಒತ್ತಿ, ಸುತ್ತಲೂ ಒಂದೇ ಸಮನಾಗಿ ಕೂತಿದೆಯೇ ನೋಡಿ, ಆಮೇಲೆ ಬೋಲ್ಟ್‌ಗಳನ್ನು ಒಂದಾದ ಮೇಲೊಂದರಂತೆ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಬೋಲ್ಟಿನ ಎಳೆಗಳಿಗೆ ತುಕ್ಕು ಹಿಡಿಯದಂತೆ ಗ್ರೀಸ್ ಸವರಿಟ್ಟರೆ ಮುಂದಿನ ಬಾರಿ ಬಿಚ್ಚುವವರ ಕೈಯಲ್ಲಿ ಅದು ತುಂಡಾಗುವುದಿಲ್ಲ.

ಹೀಟರ್‌ನ ವಾಲ್ವ್ ತೆರೆದಿಟ್ಟು ಕೂಲೆಂಟನ್ನು ನಿಧಾನವಾಗಿ ತುಂಬಿ, ಎಂಜಿನ್ ಚಾಲೂ ಮಾಡಿ, ಮೇಲಿನ ಹೋಸ್ ತಟ್ಟನೆ ಬಿಸಿಯಾಗುವವರೆಗೆ ಕಾಯಿರಿ. ಆಮೇಲೆ ಎಂಜಿನ್ ಪೂರ್ತಿ ತಣ್ಣಗಾಗಲು ಬಿಟ್ಟು ಮಟ್ಟವನ್ನು ಮತ್ತೆ ನೋಡಿದರೆ ಸಾಮಾನ್ಯವಾಗಿ ಸ್ವಲ್ಪ ಇಳಿದಿರುತ್ತದೆ. ಸಿಕ್ಕಿಕೊಂಡಿದ್ದ ಗಾಳಿ ಹೊರಹೋದ ಜಾಗ ಅದು. ಅಷ್ಟನ್ನು ತುಂಬಿ, ಮೊದಲ ದೂರದ ಓಡಾಟದ ನಂತರ ಇನ್ನೊಮ್ಮೆ ತಣ್ಣಗಿರುವಾಗ ನೋಡಿಕೊಳ್ಳಿ.